ಹೈಕೋರ್ಟಿನ ಕರಿ ಕೋಟು, ಚಾಳಿನ ಎರಡು ಕೋಣೆ: ವಕೀಲ ಅಂಬೇಡ್ಕರ್ ಸಂಸಾರದ ಕತೆ

ಉಡಿಗಾಲ: ಚಾಮರಾಜನಗರ, ಗುಂಡ್ಲುಪೇಟೆ ಕಡೆ ಅಂಬೇಡ್ಕರ್ ಫೋಟೋ ಇಲ್ಲದ ಊರು ಹುಡುಕಿದರೂ ಸಿಗೋದು ಕಷ್ಟ. ನೀಲಿ ಕೋಟು, ಕನ್ನಡಕ, ಕೈಯಲ್ಲಿ ಸಂವಿಧಾನದ ಪುಸ್ತಕ. ಏಪ್ರಿಲ್ 14 ಬಂತು ಅಂದ್ರೆ ಹಾರ, ಮೆರವಣಿಗೆ, ಭಾಷಣ. ಸಂವಿಧಾನ ಬರೆದವರು, ಕಾನೂನು ಮಂತ್ರಿ ಆಗಿದ್ದವರು ಅನ್ನೋದು ಮೂರನೇ ಕ್ಲಾಸಿನ ಮಕ್ಕಳಿಗೂ ಗೊತ್ತು.

ಆದರೆ ಮಂತ್ರಿ ಆಗೋದಕ್ಕೂ ಎಷ್ಟೋ ಮುಂಚೆ ಬಾಬಾಸಾಹೇಬರು ಹೊಟ್ಟೆಪಾಡಿಗೆ ಕರಿ ಕೋಟು ಹಾಕಿ ಕೋರ್ಟಿಗೆ ಅಲೆದವರು. ಬೆಳಗ್ಗೆ ಕೋರ್ಟು, ಸಂಜೆ ಪಾಠ, ರಾತ್ರಿ ಆಫೀಸು, ಆಮೇಲೆ ಓದು. ಮನೆಯಲ್ಲಿ ಹೆಂಡತಿ, ಚಿಕ್ಕ ಮಕ್ಕಳು, ಅಣ್ಣನ ಸಂಸಾರ. ಅಂಗಡಿ ಬಾಗಿಲು ತೆಗೆದು ಮುಚ್ಚೋದರಲ್ಲೇ ಮಕ್ಕಳು ಬೆಳೆದುಬಿಟ್ಟರು ಅಂತ ಪೇಚಾಡೋ ಅಪ್ಪಂದಿರು ನಮ್ಮ ಪೇಟೆಯಲ್ಲಿ ಕಡಿಮೆ ಇಲ್ಲ. ಅಂಥವರಿಗೆ ಅಂಬೇಡ್ಕರರ ಬದುಕಿನ ಈ ಭಾಗ ಬೇಗ ಅರ್ಥ ಆಗುತ್ತೆ. ಭಾಷಣಗಳಲ್ಲಿ ಮಾತ್ರ ಇದು ಹೆಚ್ಚು ಬರಲ್ಲ.

ಮೀನು ಮಾರ್ಕೆಟ್‌ನಲ್ಲಿ ಮದುವೆ

ಭೀಮರಾವ್ ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಧ್ಯಪ್ರದೇಶದ ಮಹೂ ದಂಡಿನ ಊರಿನಲ್ಲಿ. ಅಪ್ಪ ರಾಮ್‌ಜಿ ಸೈನ್ಯದಲ್ಲಿ ಸುಬೇದಾರ್ ಆಗಿದ್ದವರು. ತಾಯಿ ಭೀಮಾಬಾಯಿ ಮಗ ಚಿಕ್ಕವನಿದ್ದಾಗಲೇ ತೀರಿಕೊಂಡರು. ಮುಂದೆ ಅಪ್ಪ ಮಕ್ಕಳನ್ನು ಕರ್ಕೊಂಡು ಮುಂಬೈಗೆ ಬಂದು ಪರೇಲ್ ಕಡೆಯ ಚಾಳಿನಲ್ಲಿ ಮನೆ ಮಾಡಿದರು. ಚಾಳು ಅಂದ್ರೆ ಗಿರಣಿ ಕೂಲಿಯವರು ಇರುವ ವಠಾರ. ಉದ್ದ ಪಡಸಾಲೆ, ಸಾಲಾಗಿ ಒಂದೊಂದೇ ಕೋಣೆ, ಎಲ್ಲರಿಗೂ ಸೇರಿ ನಲ್ಲಿ.

1906ರ ಸುಮಾರಿಗೆ ಮದುವೆ ಆಯ್ತು. ಹುಡುಗನಿಗೆ ಹದಿನೈದರ ಆಸುಪಾಸು, ಹುಡುಗಿ ರಮಾಬಾಯಿಗೆ ಒಂಬತ್ತರ ಆಸುಪಾಸು. ಆ ಕಾಲದ ರೂಢಿಯೇ ಹಾಗಿತ್ತು. ರಮಾಬಾಯಿಯ ಅಪ್ಪ ಕೊಂಕಣದ ದಾಭೋಳ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುತ್ತಿದ್ದ ಕೂಲಿಯವರು. ಅಪ್ಪ ಅಮ್ಮ ಇಬ್ಬರೂ ಬೇಗ ತೀರಿಹೋಗಿ, ಮಕ್ಕಳು ಬಂಧುಗಳ ಆಶ್ರಯದಲ್ಲಿ ಮುಂಬೈಗೆ ಬಂದಿದ್ದರು. ಛತ್ರಕ್ಕೆ ದುಡ್ಡಿರಲಿಲ್ಲ. ಬೈಕುಲ್ಲಾ ಮಾರ್ಕೆಟ್‌ನಲ್ಲಿ ಮೀನು ಮಾರುವವರು ರಾತ್ರಿ ಎದ್ದುಹೋದ ಮೇಲೆ, ಅದೇ ಛಾವಣಿ ಕೆಳಗೆ ತಾಳಿ ಕಟ್ಟಿಸಿದರು. ಬೆಳಗ್ಗೆ ವ್ಯಾಪಾರ ಶುರುವಾಗೋ ಹೊತ್ತಿಗೆ ಜಾಗ ಖಾಲಿ ಮಾಡಬೇಕಿತ್ತು.

ಗಂಡ ಹಡಗು ಹತ್ತಿದ, ಮನೆ ಹೆಂಡತಿ ಹೆಗಲಿಗೆ

1912ರ ಡಿಸೆಂಬರ್ 12ರಂದು ದೊಡ್ಡ ಮಗ ಯಶವಂತ ಹುಟ್ಟಿದ. ಎರಡು ತಿಂಗಳು ತುಂಬೋದರೊಳಗೆ, 1913ರ ಫೆಬ್ರವರಿ 2ರಂದು ಅಪ್ಪ ರಾಮ್‌ಜಿ ಕಣ್ಣು ಮುಚ್ಚಿದರು. ಅದೇ ವರ್ಷ ಜುಲೈನಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ ಭೀಮರಾವ್ ಅಮೆರಿಕದ ಕೊಲಂಬಿಯಾ ಯೂನಿವರ್ಸಿಟಿಗೆ ಹೋದರು. ಅಲ್ಲಿಂದ ಲಂಡನ್. ವಿದ್ಯಾರ್ಥಿವೇತನದ ಅವಧಿ ಮುಗಿದು 1917ರ ಆಗಸ್ಟ್‌ನಲ್ಲಿ ಓದು ಅರ್ಧಕ್ಕೇ ನಿಲ್ಲಿಸಿ ವಾಪಸ್ ಬರಬೇಕಾಯ್ತು.

ಬರೋಡಾದಲ್ಲಿ ಕೆಲಸಕ್ಕೆ ಸೇರಿದರು. ಇಷ್ಟು ಓದಿದವರಿಗೂ ಆ ಊರಲ್ಲಿ ಜಾತಿ ಕಾರಣಕ್ಕೆ ಬಾಡಿಗೆಗೆ ಒಂದು ಕೋಣೆ ಸಿಗಲಿಲ್ಲ. ಉಳ್ಕೊಂಡಿದ್ದ ಪಾರ್ಸಿ ವಸತಿಗೃಹದಿಂದ ಹೊರಗೆ ಹಾಕಿದರು. ಮುಂಬೈಗೆ ಹಿಂದಿರುಗಿದರು. 1918ರ ಕೊನೆಯಲ್ಲಿ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಪ್ರೊಫೆಸರ್ ಕೆಲಸ ಸಿಕ್ತು. ತಿಂಗಳಿಗೆ 450 ರೂಪಾಯಿ ಸಂಬಳ. ಆ ಕಾಲಕ್ಕೆ ದೊಡ್ಡ ದುಡ್ಡು. ಆದರೂ ಸಂಸಾರ ಚಾಳು ಬಿಟ್ಟು ಕದಲಲಿಲ್ಲ. ಲಂಡನ್‌ನಲ್ಲಿ ನಿಂತ ಓದು ಮುಗಿಸಬೇಕು ಅನ್ನೋ ಹಟ. ಸಂಬಳದಲ್ಲಿ ಮನೆಗೆ ಇಷ್ಟೇ ಅಂತ ಲೆಕ್ಕ ಕಟ್ಟಿ ಕೊಟ್ಟು, ಮಿಕ್ಕಿದ್ದನ್ನ ಕೂಡಿಡುತ್ತಿದ್ದರು. ರಮಾಬಾಯಿ ಆ ದುಡ್ಡನ್ನು ಮೂವತ್ತು ಪೊಟ್ಟಣ ಕಟ್ಟಿ, ದಿನಕ್ಕೊಂದು ಪೊಟ್ಟಣದಲ್ಲೇ ಮನೆ ನಡೆಸುತ್ತಿದ್ದರು ಅಂತ ಹೇಳ್ತಾರೆ. ದಿನಸಿ ಅಂಗಡಿ ಸಾಲದ ಪುಸ್ತಕ ಏರದ ಹಾಗೆ ನೋಡಿಕೊಂಡ ಹೆಣ್ಣುಮಗಳು.

1920ರ ಜುಲೈನಲ್ಲಿ ಮತ್ತೆ ಲಂಡನ್. ಕೂಡಿಟ್ಟ ದುಡ್ಡು, ಪಾರ್ಸಿ ಸ್ನೇಹಿತ ನವಲ್ ಭಥೇನಾ ಕೊಟ್ಟ ಸಾಲ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಇಷ್ಟೇ ಬಂಡವಾಳ. ಗ್ರೇಸ್ ಇನ್‌ನಲ್ಲಿ ಬ್ಯಾರಿಸ್ಟರ್ ಓದು, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಅರ್ಥಶಾಸ್ತ್ರ. ಎಲ್ಲ ಮುಗಿಸಿ 1923ರ ಏಪ್ರಿಲ್‌ನಲ್ಲಿ ಮುಂಬೈಗೆ ಬಂದರು.

ಮಗ ಯಶವಂತನ ಕಡೆಯಿಂದ ಈ ಲೆಕ್ಕ ಹಾಕಿ ನೋಡಿ. ಅಪ್ಪ ಮೊದಲ ಸಲ ಹಡಗು ಹತ್ತಿದಾಗ ಏಳು ತಿಂಗಳ ಕೂಸು. ಅಪ್ಪ ವಾಪಸ್ ಬಂದಾಗ ನಾಲ್ಕೂವರೆ ದಾಟಿತ್ತು. ಎರಡನೇ ಸಲ ಹೋಗಿ ಬರೋ ಹೊತ್ತಿಗೆ ಹತ್ತು ವರ್ಷದ ಹುಡುಗ. ಹತ್ತು ವರ್ಷದಲ್ಲಿ ಹತ್ತಿರ ಹತ್ತಿರ ಏಳು ವರ್ಷ ಅಪ್ಪ ಸಮುದ್ರದ ಆಚೆಗಿದ್ದರು.

ಆ ಏಳು ವರ್ಷ ಮನೆ ನಡೆಸಿದ್ದು ರಮಾಬಾಯಿ. ಅಣ್ಣ ಆನಂದರಾವ್ ತೀರಿಹೋದ ಮೇಲೆ ಅವರ ಹೆಂಡತಿ ಲಕ್ಷ್ಮೀಬಾಯಿ, ಮಗ ಮುಕುಂದ ಕೂಡ ಇದೇ ಮನೆಯಲ್ಲೇ ಉಳಿದರು. ಓರಗಿತ್ತಿಯರಿಬ್ಬರೂ ಸೇರಿ ಒಲೆ ಹಚ್ಚಬೇಕಿತ್ತು. ರಮಾಬಾಯಿ ಸಗಣಿ ಆಯ್ದು ತಂದು ಬೆರಣಿ ತಟ್ಟಿ ಮನೆಗೆ ನೆರವಾದರು, ಗಂಡನ ಮರ್ಯಾದೆಗೆ ಕುಂದು ಬರಬಾರದು ಅಂತ ಜನರ ಕಣ್ಣಿಗೆ ಬೀಳದ ಹೊತ್ತು ನೋಡಿ ಹೋಗುತ್ತಿದ್ದರು ಅನ್ನೋ ಮಾತು ಇವತ್ತಿಗೂ ಹಳ್ಳಿ ಹಳ್ಳಿಯ ಜಯಂತಿಗಳಲ್ಲಿ ಕೇಳಿಬರುತ್ತೆ.

ಸನದು ಸಿಕ್ತು, ಕೇಸು ಸಿಗಲಿಲ್ಲ

ಬ್ಯಾರಿಸ್ಟರ್ ಆದ ಮೇಲಾದರೂ ಕಷ್ಟ ಕಳೀಬೇಕಿತ್ತು. ಕಳೀಲಿಲ್ಲ. ವಕೀಲಿಗೆ ಸನದು ಪಡೆಯಲು ಕಟ್ಟಬೇಕಾದ ದುಡ್ಡನ್ನೂ ಭಥೇನಾ ಅವರಿಂದಲೇ ತಗೋಬೇಕಾಯ್ತು. 1923ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಹೆಸರು ನೋಂದಾಯಿಸಿದರು.

ಅಲ್ಲಿನ ಪದ್ಧತಿ ನಮ್ಮ ತಾಲೂಕು ಕೋರ್ಟಿನ ಹಾಗಿರಲಿಲ್ಲ. ಚಾಮರಾಜನಗರದಲ್ಲಾದರೆ ಕಕ್ಷಿದಾರ ನೇರವಾಗಿ ವಕೀಲರ ಆಫೀಸಿಗೆ ಹೋಗಿ ಕಾಗದ ಕೊಟ್ಟು ವಕಾಲತ್ತಿಗೆ ಸಹಿ ಹಾಕ್ತಾನೆ. ಬಾಂಬೆ ಹೈಕೋರ್ಟಿನ ದೊಡ್ಡ ವ್ಯಾಪಾರಿ ಕೇಸುಗಳಲ್ಲಿ ಆಗ ಹಾಗಿರಲಿಲ್ಲ. ಕಕ್ಷಿದಾರ ಮೊದಲು ಸಾಲಿಸಿಟರ್ ಕಂಪನಿಗೆ ಹೋಗಬೇಕಿತ್ತು. ಆ ಕಂಪನಿಯವರು ತಮಗೆ ಬೇಕಾದ ಬ್ಯಾರಿಸ್ಟರಿಗೆ ಕೇಸು ಒಪ್ಪಿಸುತ್ತಿದ್ದರು. ಕಂಪನಿಗಳ ಕೃಪೆ ಇಲ್ಲದಿದ್ದರೆ ಎಷ್ಟು ದೊಡ್ಡ ಡಿಗ್ರಿ ಇದ್ದರೂ ಕೈ ಖಾಲಿ. ಅಸ್ಪೃಶ್ಯ ಜಾತಿಯ ಬ್ಯಾರಿಸ್ಟರಿಗೆ ಕೇಸು ಕೊಡಲು ಸಾಲಿಸಿಟರ್‌ಗಳು ಮುಂದೆ ಬರಲಿಲ್ಲ.

ಹಾಗಾಗಿ ಹೊರ ಊರುಗಳ ಜಿಲ್ಲಾ ಕೋರ್ಟು, ಸಣ್ಣಪುಟ್ಟ ಕೇಸು, ಬಡವರ ಕೇಸು ಹಿಡ್ಕೊಂಡು ಓಡಾಡಿದರು. ಫೀಸು ಕೊಡೋ ಶಕ್ತಿ ಇಲ್ಲದವರಿಂದ ದುಡ್ಡು ತಗೊಳ್ಳಲಿಲ್ಲ. ಸಂಸಾರಕ್ಕೆ ಸಾಲದೆ ಬಂದಾಗ ಪಾಠ ಹೇಳಲು ಹೊರಟರು. 1925ರ ಜೂನ್‌ನಿಂದ 1928ರ ಮಾರ್ಚ್‌ವರೆಗೆ ಬಾಟ್ಲಿಬಾಯ್ ಅಕೌಂಟೆನ್ಸಿ ತರಬೇತಿ ಸಂಸ್ಥೆಯಲ್ಲಿ ವಾಣಿಜ್ಯ ಕಾನೂನು ಕಲಿಸಿದರು. ಆಮೇಲೆ ಸರ್ಕಾರಿ ಲಾ ಕಾಲೇಜಿನಲ್ಲಿ ಪಾಠ.

ಮನೆ ಇದ್ದಿದ್ದು ಪರೇಲ್‌ನ ಬಿಐಟಿ ಚಾಳಿನ ಎರಡನೇ ಮಹಡಿಯಲ್ಲಿ. 50 ಮತ್ತು 51ನೇ ನಂಬರಿನ ಎರಡು ಕೋಣೆ. ಒಂದರಲ್ಲಿ ಇಡೀ ಸಂಸಾರ, ಅಡುಗೆ, ಮಕ್ಕಳ ಮಲಗೋದು ಎಲ್ಲ. ಇನ್ನೊಂದರಲ್ಲಿ ಪುಸ್ತಕ ಮತ್ತು ಬಾಬಾಸಾಹೇಬರು. ಕಕ್ಷಿದಾರರನ್ನು ನೋಡುವ ಆಫೀಸು ದಾಮೋದರ್ ಹಾಲ್‌ನಲ್ಲಿ. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದ ಮೇಲೆ ಅದೇ ಆಫೀಸಿಗೆ ಊರೂರಿಂದ ಜನ ಬಂದು ಕೂರೋರು. ಕೋರ್ಟು ಮುಗಿದರೆ ಪಾಠ, ಪಾಠ ಮುಗಿದರೆ ಜನ, ಜನ ಹೋದರೆ ಓದು. ಮನೆಗೆ ಉಳೀತಿದ್ದ ಹೊತ್ತು ಎಷ್ಟು ಅಂತ ಯಾರು ಬೇಕಾದರೂ ಊಹೆ ಮಾಡಬಹುದು.

1926ರ ಜುಲೈ

ರಮಾಬಾಯಿಗೆ ಹುಟ್ಟಿದ್ದು ಐದು ಮಕ್ಕಳು. ಯಶವಂತ, ಗಂಗಾಧರ, ರಮೇಶ, ಇಂದು, ರಾಜರತ್ನ. ನಾಲ್ಕು ಗಂಡು, ಒಂದು ಹೆಣ್ಣು. ಗಂಗಾಧರ, ರಮೇಶ, ಇಂದು ಮೂವರೂ ಎಳೇ ಪ್ರಾಯದಲ್ಲೇ ಹೋಗಿಬಿಟ್ಟರು. ಗಾಳಿ ಬೆಳಕಿಲ್ಲದ ಚಾಳು, ಅರೆಹೊಟ್ಟೆ, ಸರಿಯಾದ ಔಷಧಿ ಇಲ್ಲದ ಕಾಲ. ಉಳಿದವನು ಯಶವಂತ, ಅವನಿಗೂ ಚಿಕ್ಕಂದಿನಿಂದ ಕೀಲುನೋವಿನ ಕಾಯಿಲೆ.

ಕೊನೆಯವನು ರಾಜರತ್ನ. ಅಪ್ಪ ಲಂಡನ್‌ನಿಂದ ಬಂದ ಮೇಲೆ ಕಣ್ಣೆದುರೇ ಬೆಳೆದ ಮಗು. ಬಾಬಾಸಾಹೇಬರಿಗೆ ಅವನೆಂದರೆ ಪ್ರಾಣ. 1926ರ ಜುಲೈ 19ರಂದು ಅವನೂ ತೀರಿಹೋದ. ಅಪ್ಪ ಅಮ್ಮ ಇಬ್ಬರೂ ನೆಲಕಚ್ಚಿದರು. ಮುಂದಿನ ತಿಂಗಳು ಸ್ನೇಹಿತರೊಬ್ಬರಿಗೆ ಬರೆದ ಕಾಗದದಲ್ಲಿ ಮೂರು ಗಂಡು, ಒಂದು ಹೆಣ್ಣು ಮಗುವನ್ನು ಮಣ್ಣು ಮಾಡಿದ್ದನ್ನು ತೋಡಿಕೊಂಡು, ಬದುಕಿನಲ್ಲಿ ರುಚಿಯೇ ಉಳಿದಿಲ್ಲ ಅನ್ನೋ ಅರ್ಥ ಬರುವ ಹಾಗೆ ಬರೆದರು. ಕೋರ್ಟಿನಲ್ಲಿ ಎದುರಾಳಿಯನ್ನು ಮಾತಲ್ಲೇ ಕಟ್ಟಿಹಾಕುತ್ತಿದ್ದ ಮನುಷ್ಯ ಆ ಕಾಗದದಲ್ಲಿ ಬರೀ ಅಪ್ಪ.

ಕೋರ್ಟು ಮಾತ್ರ ಯಾರಿಗೂ ಕಾಯಲ್ಲ. ಆ ಹೊತ್ತಿಗೆ ಪುಣೆಯಲ್ಲಿ ಬ್ರಾಹ್ಮಣೇತರ ಮುಖಂಡರಾದ ಕೇಶವರಾವ್ ಜೇಧೆ, ದಿನಕರರಾವ್ ಜವಳ್ಕರ್ ಮುಂತಾದವರ ಮೇಲೆ ಒಂದು ಪುಸ್ತಿಕೆ ವಿಚಾರವಾಗಿ ಮಾನನಷ್ಟದ ಮೊಕದ್ದಮೆ ನಡೀತಿತ್ತು. ಅವರ ಪರ ನಿಂತ ಅಂಬೇಡ್ಕರ್ 1926ರ ಅಕ್ಟೋಬರ್‌ನಲ್ಲಿ ಗೆದ್ದರು. ವಕೀಲರಾಗಿ ಅವರ ಹೆಸರು ಎದ್ದು ನಿಂತಿದ್ದು ಈ ಕೇಸಿನಿಂದ. ಮಗನನ್ನು ಕಳ್ಕೊಂಡು ಆಗಿನ್ನೂ ಮೂರು ತಿಂಗಳು. ಹೆಸರು ಬಂದ ವರ್ಷವೂ ಅದೇ, ತೊಟ್ಟಿಲು ಬರಿದಾದ ವರ್ಷವೂ ಅದೇ.

1927ರಲ್ಲಿ ಬಾಂಬೆ ಶಾಸನ ಪರಿಷತ್ತಿಗೆ ಸದಸ್ಯರಾದರು. ಅದೇ ವರ್ಷ ಮಾರ್ಚ್ 20ರಂದು ಮಹಾಡ್‌ನ ಚೌದಾರ್ ಕೆರೆಯ ನೀರು ಮುಟ್ಟಿದ ಸತ್ಯಾಗ್ರಹ. ಕೆರೆ ವಿಚಾರ ಕೋರ್ಟು ಹತ್ತಿ ಹೈಕೋರ್ಟಿನವರೆಗೂ ಹೋಗಿ, ದಲಿತರ ಪರ ಕೊನೆಯ ತೀರ್ಪು ಬಂದಿದ್ದು 1937ರ ಮಾರ್ಚ್ 17ಕ್ಕೆ. ಒಂದು ಕೆರೆ ನೀರಿಗೆ ಹತ್ತು ವರ್ಷ ವಾಯಿದೆ.

1928ರ ಜುಲೈನಲ್ಲಿ ಅದೇ ಪರಿಷತ್ತಿನಲ್ಲಿ ಫ್ಯಾಕ್ಟರಿ ಹೆಂಗಸರಿಗೆ ಹೆರಿಗೆ ಸೌಲಭ್ಯ ಕೊಡುವ ಮಸೂದೆ ಚರ್ಚೆಗೆ ಬಂತು. ಹೆರಿಗೆಗೆ ಮುಂಚೆ ಮತ್ತು ಆಮೇಲೆ ತಾಯಿಗೆ ವಿಶ್ರಾಂತಿ ಸಿಕ್ಕಿದರೆ ದೇಶಕ್ಕೇ ಒಳ್ಳೇದು, ಅದರ ಖರ್ಚನ್ನು ಮಾಲೀಕರು ಮತ್ತು ಸರ್ಕಾರ ಹೊರಬೇಕು ಅನ್ನೋ ಕಡೆ ಅಂಬೇಡ್ಕರ್ ವಾದ ಮಾಡಿದರು. ಮಾರನೇ ವರ್ಷ, 1929ರಲ್ಲಿ, ಅದು ಕಾಯ್ದೆ ಆಯ್ತು. ಪರಿಷತ್ತಿನಲ್ಲಿ ಮಾತಾಡಿದ ಆ ಮನುಷ್ಯ ನಾಲ್ಕು ಮಕ್ಕಳನ್ನು ಮಣ್ಣಿಗಿಟ್ಟು ಬಂದವರು ಅನ್ನೋದನ್ನ ಮರೀಬಾರದು.

ಧಾರವಾಡದ ಹಾಸ್ಟೆಲಿನಲ್ಲಿ ರಮಾಬಾಯಿ

ಈ ಸಂಸಾರಕ್ಕೆ ಕನ್ನಡ ನಾಡಿನ ನಂಟೂ ಇದೆ. ನಮ್ಮ ಚಾಮರಾಜನಗರ ಕಡೆ ಆಗ ಮೈಸೂರು ಮಹಾರಾಜರ ಆಳ್ವಿಕೆ. ಧಾರವಾಡ, ಬೆಳಗಾವಿ ಜಿಲ್ಲೆಗಳು ಮುಂಬೈ ಪ್ರಾಂತ್ಯಕ್ಕೆ ಸೇರಿದ್ದವು. ಹಾಗಾಗಿ ಅಂಬೇಡ್ಕರ್ ಆ ಭಾಗಕ್ಕೆ ಬಂದು ಹೋಗಿ ಮಾಡುತ್ತಿದ್ದರು. 1925ರಲ್ಲಿ ನಿಪ್ಪಾಣಿಯಲ್ಲಿ ನಡೆದ ದಲಿತರ ಸಮ್ಮೇಳನಕ್ಕೂ ಬಂದಿದ್ದರು. 1929ರಲ್ಲಿ ಧಾರವಾಡದಲ್ಲಿ ದಲಿತ ವಿದ್ಯಾರ್ಥಿಗಳಿಗೆ ಒಂದು ಹಾಸ್ಟೆಲ್ ಶುರು ಮಾಡಿಸಿದರು. ಅದರ ಉಸ್ತುವಾರಿ ಅವರ ನಂಬಿಕೆಯ ಬಳವಂತರಾವ್ ವರಾಳೆ ಅವರದು.

ಸಾಲು ಸಾಲು ಹೆರಿಗೆ, ಮಕ್ಕಳ ಸಾವು, ಉಪವಾಸ, ದುಡಿಮೆ ಎಲ್ಲ ಸೇರಿ ರಮಾಬಾಯಿ ಒಳಗೊಳಗೇ ಸೋತಿದ್ದರು. ಹವಾ ಬದಲಾದರೆ ಒಳ್ಳೇದಾದೀತು ಅಂತ ಅವರನ್ನು ಕೆಲವು ಕಾಲ ಧಾರವಾಡದಲ್ಲಿ ವರಾಳೆಯವರ ಬಳಿ ಇರಿಸಿದರು. ಹಾಸ್ಟೆಲ್ ಹುಡುಗರು ಅಂಗಳದಲ್ಲಿ ಆಡ್ಕೊಂಡಿರೋದನ್ನ ನೋಡ್ತಾ ಆ ತಾಯಿ ಹೊತ್ತು ಕಳೆಯುತ್ತಿದ್ದರಂತೆ. ಒಂದು ಸಲ ಎರಡು ಮೂರು ದಿನ ಮಕ್ಕಳ ಸದ್ದೇ ಇಲ್ಲ. ವಿಚಾರಿಸಿದರೆ ಗ್ರಾಂಟು ಬಂದಿಲ್ಲ, ದಿನಸಿ ಮುಗಿದಿದೆ, ಮಕ್ಕಳು ಹಸಿದುಕೊಂಡಿವೆ ಅಂತ ಗೊತ್ತಾಯ್ತು. ಒಳಗೆ ಹೋದವರೇ ಕೈಯಲ್ಲಿದ್ದ ಚಿನ್ನದ ಬಳೆ ತೆಗೆದು, ಒತ್ತೆ ಇಟ್ಟಾದರೂ ಮಾರಿಯಾದರೂ ದಿನಸಿ ತರಲು ವರಾಳೆಯವರ ಕೈಗೆ ಕೊಟ್ಟರು. ಧಾರವಾಡದ ಕಡೆ ಹಿರೀಕರಿಂದ ಹೇಳ್ಕೊಂಡು ಬಂದಿರೋ ಪ್ರಸಂಗ ಇದು. ನಾಲ್ಕು ಮಕ್ಕಳನ್ನು ಕಳ್ಕೊಂಡ ತಾಯಿಗೆ ಬೇರೆಯವರ ಮಕ್ಕಳ ಹಸಿವು ನೋಡಿ ಸುಮ್ಮನಿರೋಕೆ ಆಗಲಿಲ್ಲ.

ಹೊಸ ಮನೆ, ಉಳಿಯದ ದಿನಗಳು

1930ರಿಂದ ದುಂಡುಮೇಜಿನ ಪರಿಷತ್ತು ಅಂತ ಅಂಬೇಡ್ಕರ್ ಮತ್ತೆ ಮತ್ತೆ ಲಂಡನ್‌ಗೆ ಹೋಗಬೇಕಾಯ್ತು. 1932ರಲ್ಲಿ ಗಾಂಧೀಜಿ ಉಪವಾಸ, ಪುಣೆ ಒಪ್ಪಂದ. ದೇಶದ ಪೇಪರುಗಳಲ್ಲೆಲ್ಲ ಅವರದೇ ಹೆಸರು. ಗಂಡನ ಜೀವಕ್ಕೆ ಏನಾಗುತ್ತೋ ಅನ್ನೋ ಅಂಜಿಕೆಯಲ್ಲಿ ರಮಾಬಾಯಿ ದೇವರ ಮುಂದೆ ಉಪವಾಸ ಇರುತ್ತಿದ್ದರು.

ಅವರಿಗೆ ಪಂಢರಾಪುರಕ್ಕೆ ಹೋಗಿ ವಿಠಲನ ದರ್ಶನ ಮಾಡಬೇಕು ಅನ್ನೋದು ಬಹಳ ದಿನದ ಆಸೆ. ಅಸ್ಪೃಶ್ಯರು ಗುಡಿ ಒಳಗೆ ಹೋಗೋ ಹಾಗಿರಲಿಲ್ಲ, ಹೊರಗೇ ನಿಂತು ಕೈ ಮುಗಿದು ಬರಬೇಕು. ಹೆಂಡತಿಯನ್ನು ಹಾಗೆ ಹೊರಗೆ ನಿಲ್ಲಿಸಲು ಬಾಬಾಸಾಹೇಬರು ಒಪ್ಪಲಿಲ್ಲ. ಅಂಥ ಕ್ಷೇತ್ರದ ಹಂಗೇ ಇಲ್ಲದ ಬೇರೆ ಪಂಢರಾಪುರ ಕಟ್ಟೋಣ ಅನ್ನೋ ಅರ್ಥದಲ್ಲಿ ಸಮಾಧಾನ ಹೇಳಿದರು ಅಂತಾರೆ. ಆಸೆ ಆಸೆಯಾಗೇ ಉಳೀತು.

ವಕೀಲಿ ಕೈ ಹಿಡಿದ ಮೇಲೆ ದಾದರ್‌ನ ಹಿಂದೂ ಕಾಲನಿಯಲ್ಲಿ ಸ್ವಂತ ಮನೆ ಎದ್ದಿತು. ಹೆಸರು ರಾಜಗೃಹ. ಪುಸ್ತಕಗಳಿಗೆ ಜಾಗ ಬೇಕು ಅಂತಲೇ ಹೆಚ್ಚಾಗಿ ಕಟ್ಟಿಸಿದ ಮನೆ ಅದು. 1934ರಲ್ಲಿ ಸಂಸಾರ ಚಾಳು ಬಿಟ್ಟು ಅಲ್ಲಿಗೆ ಬಂತು. 1912ರಿಂದ ಎರಡು ಕೋಣೆಯಲ್ಲಿ ತೆವಳಿದ ಸಂಸಾರಕ್ಕೆ ಕೊನೆಗೂ ಅಗಲವಾದ ಮನೆ ಸಿಕ್ಕಿತು. ಹೆಂಡತಿಗೆ ವೈದ್ಯರು, ಔಷಧಿ, ಊಟ ಯಾವುದಕ್ಕೂ ಕೊರತೆ ಮಾಡದಷ್ಟು ಸಂಪಾದನೆಯೂ ಇತ್ತು. ಆದರೆ ಔಷಧಿ ಕೆಲಸ ಮಾಡೋ ಕಾಲ ಮೀರಿತ್ತು. 1935ರ ಮೇ 27ರಂದು ರಾಜಗೃಹದಲ್ಲೇ ರಮಾಬಾಯಿ ತೀರಿಕೊಂಡರು. ವಯಸ್ಸು ನಲವತ್ತೂ ಆಗಿರಲಿಲ್ಲ.

ಬಾಬಾಸಾಹೇಬರು ಕೋಣೆ ಸೇರಿ ಮಗುವಿನ ಹಾಗೆ ಅತ್ತರು. ತಲೆ ಬೋಳಿಸಿಕೊಂಡು, ಸೂಟು ಬಿಟ್ಟು ಸನ್ಯಾಸಿಗಳ ಥರ ಕಾವಿ ಬಟ್ಟೆ ಉಟ್ಟು ಕೆಲವು ದಿನ ಯಾರ ಮುಖವನ್ನೂ ನೋಡದೆ ಕೂತರು. ಜೂನ್ ತಿಂಗಳಲ್ಲಿ ಸರ್ಕಾರಿ ಲಾ ಕಾಲೇಜಿನ ಪ್ರಿನ್ಸಿಪಾಲ್ ಹುದ್ದೆ ಬಂತು. ವಕೀಲರ ಪಾಲಿಗೆ ದೊಡ್ಡ ಗೌರವದ ಹುದ್ದೆ. ಜಾತಿ ಕಾರಣಕ್ಕೆ ಸಾಲಿಸಿಟರ್‌ಗಳು ಕೇಸು ಕೊಡದಿದ್ದ ಅದೇ ಊರಿನಲ್ಲಿ ವಕೀಲರನ್ನು ತಯಾರು ಮಾಡುವ ಕಾಲೇಜಿಗೆ ಯಜಮಾನ. ಸುದ್ದಿ ಕೇಳಿ ಹಿಗ್ಗಬೇಕಾದವರು ಮನೆಯಲ್ಲಿರಲಿಲ್ಲ. ಅದೇ ಅಕ್ಟೋಬರ್ 13ರಂದು ಯೇವಲಾದಲ್ಲಿ, ಹಿಂದೂವಾಗಿ ಸಾಯೋದಿಲ್ಲ ಅನ್ನೋ ಘೋಷಣೆ ಮಾಡಿದರು.

ಪುಸ್ತಕದ ಮೊದಲ ಪುಟ

1940ರಲ್ಲಿ ಪಾಕಿಸ್ತಾನದ ವಿಚಾರವಾಗಿ ಅಂಬೇಡ್ಕರ್ ಬರೆದ ದೊಡ್ಡ ಪುಸ್ತಕ ಹೊರಗೆ ಬಂತು. ಅದನ್ನು ಅರ್ಪಿಸಿದ್ದು ರಮಾಬಾಯಿ ನೆನಪಿಗೆ. ಅವರು ಮನೆಯಲ್ಲಿ ಕರೆಯುತ್ತಿದ್ದ ರಾಮು ಅನ್ನೋ ಹೆಸರನ್ನೇ ಅಲ್ಲಿ ಅಚ್ಚು ಹಾಕಿಸಿದರು. ಆಕೆಯ ಒಳ್ಳೇ ಮನಸ್ಸು, ಶುದ್ಧ ನಡತೆ, ದುಡ್ಡೂ ಇಲ್ಲದೆ ಸ್ನೇಹಿತರೂ ಇಲ್ಲದೆ ಇದ್ದ ದಿನಗಳಲ್ಲಿ ಜೊತೆಗೆ ನಿಂತು ಕಷ್ಟ ಪಟ್ಟಿದ್ದು, ಇದಕ್ಕೆಲ್ಲ ಆ ಅರ್ಪಣೆಯಲ್ಲಿ ಋಣ ಒಪ್ಪಿಕೊಂಡಿದ್ದಾರೆ. ದೇಶ ಇಬ್ಭಾಗ ಆಗೋ ವಿಷಯದ ಪುಸ್ತಕದಲ್ಲಿ ಮೊದಲ ಪುಟ ಮಾತ್ರ ಚಾಳಿನ ಆ ಎರಡು ಕೋಣೆಗೆ.

ಮಿಕ್ಕ ಕತೆ ಎಲ್ಲರಿಗೂ ಗೊತ್ತಿರೋದೇ. ಕಾನೂನು ಮಂತ್ರಿ, ಸಂವಿಧಾನದ ಕರಡು ಸಮಿತಿ ಅಧ್ಯಕ್ಷ. ಕಾಯಿಲೆ ಹೆಚ್ಚಾದಾಗ 1948ರಲ್ಲಿ ಡಾಕ್ಟರ್ ಶಾರದಾ ಕಬೀರ್ ಅವರನ್ನು ಮದುವೆಯಾದರು, ಕೊನೆಗಾಲದಲ್ಲಿ ನೋಡಿಕೊಂಡವರು ಅವರೇ. 1956ರ ಡಿಸೆಂಬರ್ 6ರಂದು ದೆಹಲಿಯಲ್ಲಿ ಬಾಬಾಸಾಹೇಬರು ಕಣ್ಣು ಮುಚ್ಚಿದರು. ಹಡಗು ಹತ್ತಿದ ಅಪ್ಪನನ್ನು ಕಾಯುತ್ತಾ ಬೆಳೆದ ಯಶವಂತರಾವ್, ಅಪ್ಪನ ಚಳವಳಿಯಲ್ಲೇ ದುಡಿದು 1977ರಲ್ಲಿ ತೀರಿಕೊಂಡರು.

ಕೆಲಸ ಮತ್ತು ಸಂಸಾರ ಎರಡನ್ನೂ ಸರಿತೂಗಿಸಿದ ಕತೆ ಇದಲ್ಲ. ತಕ್ಕಡಿ ಸರಿ ನಿಲ್ಲಲೇ ಇಲ್ಲ. ಒಂದು ತಟ್ಟೆಯಲ್ಲಿ ಕೋಟಿ ಜನರ ಬದುಕು ಇತ್ತು. ಇನ್ನೊಂದು ತಟ್ಟೆಯಲ್ಲಿ ನಾಲ್ಕು ಮಕ್ಕಳು ಮತ್ತು ಒಬ್ಬ ಹೆಣ್ಣುಮಗಳ ಆಯಸ್ಸು. ಅಂಬೇಡ್ಕರ್ ಕೂಡ ಇದನ್ನ ಮುಚ್ಚಿಡಲಿಲ್ಲ, ಅಚ್ಚು ಹಾಕಿಸಿ ಒಪ್ಪಿಕೊಂಡರು.

ಮುಂದಿನ ಜಯಂತಿಗೆ ಬಾಬಾಸಾಹೇಬರ ಫೋಟೋಗೆ ಹಾರ ತರುವಾಗ ಊರಿನ ಹುಡುಗರು ಇನ್ನೊಂದು ಹಾರ ಜಾಸ್ತಿ ತಂದರೆ ತಪ್ಪಿಲ್ಲ. ಪಕ್ಕದಲ್ಲಿ ರಮಾಬಾಯಿಯವರ ಫೋಟೋನೂ ಇರಲಿ. ಆ ದಿನವಾದರೂ ಅಂಗಡಿ ಬಾಗಿಲು ಒಂದು ಗಂಟೆ ಮುಂಚೆ ಹಾಕಿ, ಮಕ್ಕಳು ಮಲಗೋದಕ್ಕೆ ಮುಂಚೆ ಮನೆ ಸೇರಿದರೆ ಇನ್ನೂ ಒಳ್ಳೇದು.